ಮೂತಿ ಮನೆಯ ಕಡೆಗೆ

ಯೂನಿಸ್ ಹುಟ್ಟಿದಾಗ, ದೂರದ ಉತ್ತರದ ಹಿಮನಾಡಿನ ಮ್ಯಾಕ್‌ಫರ್ಸನ್ ಊರಿಗೆ ರಸ್ತೆಯೇ ಇರಲಿಲ್ಲ. ರಸ್ತೆ ಬಂದ ಮೇಲೆ ಊರಿನ ಹೆಂಗಸರಲ್ಲಿ ಮೊದಲು ಸ್ಟಿಯರಿಂಗ್ ಹಿಡಿದವಳು ಅವಳೇ. ಡಾಸನ್ ಪಟ್ಟಣದಿಂದ ಊರಿಗೆ ಐನೂರೈವತ್ತು ಕಿಲೋಮೀಟರ್, ಡಾಂಬರು ಕಾಣದ ಬರೀ ಜಲ್ಲಿ. ಟೈರನ್ನು ಕಡಲೆಪುರಿಯಂತೆ ತಿನ್ನುವ ರಸ್ತೆ. ಆಸ್ಪತ್ರೆಗೆ ಹೋಗುವವರನ್ನು, ಮದುವೆಗೆ ಬರುವವರನ್ನು, ಒಮ್ಮೆ ಹೆರಿಗೆ ನೋವು ಶುರುವಾದವಳನ್ನೂ ತನ್ನ ಹಳೇ ವ್ಯಾನಿನಲ್ಲಿ ಸಾಗಿಸಿದ್ದಳು. ಬಾಯಿ ಮಾತ್ರ ಬಲು ಜೋರು. ಪ್ರವಾಸಿಗಳು ದಾರಿ ಕೇಳಿದರೆ, "ಇರೋದೇ ಒಂದು ರಸ್ತೆ, ಅದ್ರಲ್ಲೂ ದಾರಿ ತಪ್ಪಿದ್ರೇನಪ್ಪಾ?" ಎಂದು ನಗುತ್ತಿದ್ದಳು.

ಒಳಗೆ ಮಾತ್ರ ಪುಕುಪುಕು. ಅವಳ ತಾಯಿ ಕೊನೆಗಾಲದಲ್ಲಿ ಮನೆಯಿಂದ ಹೊಳೆಗೆ ಹೋಗುವ ದಾರಿಯನ್ನೇ ಮರೆತು ನಿಲ್ಲುತ್ತಿದ್ದಳು. ಅರವತ್ತು ದಾಟಿದ ಮೇಲೆ ಯೂನಿಸ್‌ಗೆ ಬೀಗದಕೈ ಸಿಗದಿದ್ದರೂ ಎದೆ ಧಸಕ್ಕೆನ್ನುತ್ತಿತ್ತು. ದಾರಿ ಮರೆತ ದಿನವೇ ವ್ಯಾನು ಮಾರಿಬಿಡುವುದೆಂದು ನಿಶ್ಚಯಿಸಿದ್ದಳು. ಗಂಡ ಎನೋಕನಿಗೂ ಹೇಳಿರಲಿಲ್ಲ.

ಆ ರಸ್ತೆಯವರದೊಂದು ಕಟ್ಟಳೆ ಇದೆ. ಬದಿಯಲ್ಲಿ ನಿಲ್ಲಿಸಿ ಕಣ್ಣು ಮುಚ್ಚುವ ಮುಂಚೆ ಗಾಡಿಯ ಮೂತಿ ಹೋಗಬೇಕಾದ ದಿಕ್ಕಿಗೇ ಇರಬೇಕು. ನಡುವೆ ಮಂಜು ಇಳಿದರೆ, ಬಂದದ್ದೆಲ್ಲಿಂದ ಹೋಗುವುದೆಲ್ಲಿಗೆ ಎಂದು ಎದ್ದವರಿಗೆ ತಿಳಿಯುವುದಿಲ್ಲ. ಒಂದು ಆಗಸ್ಟಿನ ಮಧ್ಯಾಹ್ನ ಎನೋಕನೊಡನೆ ಡಾಸನ್‌ನಿಂದ ಊರಿಗೆ ಮರಳುತ್ತಿದ್ದ ಯೂನಿಸ್ ಹಾಗೆಯೇ ನಿಲ್ಲಿಸಿ ಹಿಂದಿನ ಸೀಟಿನಲ್ಲಿ ಉರುಳಿದಳು.

ಎದ್ದಾಗ ಸುತ್ತ ಹಾಲು ಚೆಲ್ಲಿದಂತೆ ಮಂಜು. ಎನೋಕ್ ಮುಂದೆ ಕೂತು ಒಣಮಾಂಸ ಜಗಿಯುತ್ತಿದ್ದ. ಅವಳು ಗಾಡಿ ಬಿಟ್ಟಳು. ಕಿಲೋಮೀಟರ್ ಹಲಗೆಗಳಿಗೆಲ್ಲ ಕೆಸರು ಮೆತ್ತಿತ್ತು. ಏರಬೇಕಾದ ರಸ್ತೆ ಇಳಿಯತೊಡಗಿತು. ಬರಬೇಕಾದ ತಿರುವು ಬರಲಿಲ್ಲ, ಬರಬಾರದ್ದು ಬಂತು.

"ಮುದುಕಾ, ಹೊಳೆ ಯಾವ ಕಡೆ ಬರ್ಬೇಕು?"

"ಹೊಳೆ ಇದ್ದಲ್ಲೇ ಇರತ್ತೆ. ನೀನು ಓಡಿಸು ಮುದುಕಿ."

ಇನ್ನೊಂದಷ್ಟು ದೂರ ಓಡಿಸಿದಳು. ಮಂಜು ಸರಿಯಿತು. ಎದುರಿಗೆ, ಬೆಳಿಗ್ಗೆ ಹೊರಡುವಾಗ ಪೆಟ್ರೋಲ್ ಹಾಕಿಸಿಕೊಂಡಿದ್ದ ಅದೇ ಪಂಪು!

ಮೂತಿ ಸರಿಯಾಗಿಯೇ ನಿಲ್ಲಿಸಿದ್ದೆನಲ್ಲ? ನಿಲ್ಲಿಸಿದ್ದೆನೇ? ಎಷ್ಟು ಯೋಚಿಸಿದರೂ ತಲೆಯೊಳಗೂ ಮಂಜೇ. ಬಂತು, ಅಮ್ಮನಿಗೆ ಬಂದದ್ದೇ ನನಗೂ ಬಂತು ಎಂದುಕೊಂಡು ಇಳಿದಳು.

ಲಾರಿ ಓಡಿಸುವ ತಂಗಿಯ ಮಗ ರಸೆಲ್ ಪಂಪಿನ ಪಕ್ಕದ ಹೋಟೆಲಿನಲ್ಲಿ ಊಟ ಮುಗಿಸಿ ಹೊರಗೆ ಬಂದ. "ಏನ್ ದೊಡ್ಡಮ್ಮ, ವಾಪಸ್ ಬಂದ್ಬಿಟ್ರಿ? ಏನಾದ್ರೂ ಮರೆತ್ರಾ?"

"ಮುಚ್ಚೋ ಬಾಯಿ!"

"ಅಯ್ಯೋ, ಬೈತೀರಲ್ಲ. ದೊಡ್ಡಪ್ಪ ಆಗ್ಲೇ ವ್ಯಾನ್ ತಿರುಗಿಸ್ತಿದ್ರು, ನಾನೇ ಲಾರಿ ನಿಲ್ಲಿಸಿ ಜಾಗ ಬಿಟ್ಟೆ. ಗಾಳಿ ಬಾಗ್ಲಿಗೆ ಹೊಡೀತಿದೆ, ಸ್ಟವ್ ಹತ್ತಲ್ಲ, ಟೀ ಕಾಯಿಸ್ಬೇಕು ಅಂದ್ರು. ನಿಮ್ಮ ಗೊರಕೆ ನನ್ನ ಇಂಜಿನ್ನಿಗಿಂತ ಜೋರಿತ್ತು!"

ಯೂನಿಸ್‌ಗೆ ಹೋದ ಜೀವ ಬಂದಂತಾಯಿತು. ನಗು ತಡೆಯಲಾಗಲಿಲ್ಲ. ಗಂಡನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ವ್ಯಾನಿನ ಕಿಟಕಿಗೆ ಬಂದಳು. "ಲೋ ಮುದುಕಾ, ವ್ಯಾನ್ ತಿರುಗಿಸಿದೀನಿ ಅಂತ ಹೇಳೋಕೆ ಏನಾಗಿತ್ತು ನಿಂಗೆ?"

"ಯಾರು ತಿರುಗಿಸಿದ್ದು?"

"ನೀನೇ. ಟೀ ಕಾಯಿಸೋಕೆ ಅಂತ."

"ಯಾವ ಟೀ? ನಾನು ಕೂತಲ್ಲಿಂದ ಎದ್ದೇ ಇಲ್ವಲ್ಲ."

ಅವನ ಕಾಲಬಳಿ ಟೀ ಲೋಟವಿತ್ತು. ತಳದಲ್ಲಿ ಗುಟುಕು ಟೀ ಆರಿಹೋಗಿತ್ತು. ಎನೋಕ್ ಲೋಟ ನೋಡಿದ, ಅವಳನ್ನು ನೋಡಿದ. ಹೊಳೆಯ ದಾರಿಯಲ್ಲಿ ನಿಂತ ತಾಯಿಯ ಮುಖದಲ್ಲಿ ಯೂನಿಸ್ ಕಂಡಿದ್ದ ಅದೇ ಹೆದರಿಕೆ ಅವನ ಮುಖದಲ್ಲಿ.

"ನಾನಾ... ನಾನು ತಿರುಗಿಸಿದ್ನಾ, ಯೂನಿಸ್?" ಎಂದ. ಮುದುಕಿ ಎನ್ನಲಿಲ್ಲ.

ಯೂನಿಸ್ ಹಿಂದಕ್ಕೆ ತಿರುಗಿದಳು. ರಸೆಲ್ ಹಿಂದೆಯೇ ಬರುತ್ತಿದ್ದ. ಬಾಯಿ ತೆರೆಯಬೇಡವೆಂದು ಅವನಿಗೆ ಕೈಸನ್ನೆ ಮಾಡಿದಳು.

"ಇಲ್ಲ ಕಣೋ. ನಾನೇ ತಿರುಗಿಸಿ ಮರೆತ್ಬಿಟ್ಟೆ. ವಯಸ್ಸಾಯ್ತಲ್ಲ."

ಎನೋಕನ ಮುಖ ಸಡಿಲವಾಯಿತು. ತೊಡೆ ತಟ್ಟಿಕೊಂಡು ನಕ್ಕ. "ಇರೋದೇ ಒಂದು ರಸ್ತೆ, ಅದ್ರಲ್ಲೂ ದಾರಿ ತಪ್ಪಿದ್ಯೇನೇ ಮುದುಕಿ?"

"ಹೂಂ, ತಪ್ಪಿದೆ" ಎಂದು ಯೂನಿಸ್ ವ್ಯಾನಿನ ಮೂತಿಯನ್ನು ಮನೆಯ ಕಡೆಗೆ ತಿರುಗಿಸಿದಳು.