ನಾನು ಟಿಕ್ ಹಾಕಿದ ರ‍್ಯಾಂಪ್

ನಮ್ಮ ಶಾಲೆಯ ವರಾಂಡಕ್ಕೆ ಐದು ಮೆಟ್ಟಿಲು. ಜಯನಗರದ ಅಂಚಿನ ಆ ಸರ್ಕಾರಿ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿ ಬಂದು ಎಷ್ಟೋ ವರ್ಷವಾದರೂ ಅವನ್ನು ಎಣಿಸಿಯೇ ಇರಲಿಲ್ಲ. ಎಣಿಸುವಂತೆ ಮಾಡಿದವರು ನಮ್ಮ ಗಣಿತದ ಮೇಷ್ಟ್ರು.

ಮೇಷ್ಟ್ರಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು. ಬಲಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕಂಕುಳಲ್ಲಿ ಊರುಗೋಲು. ಪದ್ಮನಾಭನಗರದಿಂದ ಮೂರು ಚಕ್ರದ ಸ್ಕೂಟರಿನಲ್ಲಿ ಎಲ್ಲರಿಗಿಂತ ಮೊದಲೇ ಬಂದುಬಿಡುತ್ತಿದ್ದರು. ತಾವು ಮೆಟ್ಟಿಲು ಹತ್ತುವುದನ್ನು ಮಕ್ಕಳು ನಿಂತು ನೋಡುವುದು ಅವರಿಗೆ ಇಷ್ಟವಿರಲಿಲ್ಲ. ಒಂದು ವರ್ಷ ಸೊಂಟದ ಕೀಲು ಸವೆದಿದೆ ಎಂದ ಡಾಕ್ಟರು ಇನ್ನು ಮೆಟ್ಟಿಲಿನ ಸಹವಾಸ ಬೇಡ ಎಂದರು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು: ಒಂದೋ ಶಾಲೆಗೆ ರ‍್ಯಾಂಪ್ ಬರಬೇಕು, ಇಲ್ಲವೇ ಮೇಷ್ಟ್ರು ಶಾಲೆ ಬಿಡಬೇಕು. ಅವರು ಬಿಟ್ಟರೆ ನಮ್ಮ ಹತ್ತನೇ ತರಗತಿಯ ಗತಿಯೇನು ಎಂದು ಯೋಚಿಸಿದರೇ ನನಗೆ ತಲೆ ಬಿಸಿಯಾಗುತ್ತಿತ್ತು. ಬೀಜಗಣಿತ ಹೇಳಿಕೊಡುತ್ತಾ ಮಕ್ಕಳನ್ನು ನಗಿಸಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಶಿಕ್ಷಣ ಇಲಾಖೆಯ ಕಚೇರಿಗೆ ಅರ್ಜಿ ಹಾಕಿದೆ. ಉತ್ತರವಿಲ್ಲ. ಹಲಗೆ ಇಟ್ಟು ನೋಡಿದೆವು, ಊರುಗೋಲು ಜಾರಿತು. ಪಕ್ಕದ ಬೀದಿಯ ಹಳೇ ಮನೆತನದವರೊಬ್ಬರು ತಮ್ಮ ಖರ್ಚಿನಲ್ಲೇ ಕಟ್ಟಿಸಿಕೊಡುತ್ತೇನೆಂದರು. ಆದರೆ ಸರ್ಕಾರಿ ಕಟ್ಟಡಕ್ಕೆ ಒಂದು ಇಟ್ಟಿಗೆ ಇಡಲೂ ಅನುಮತಿ ಬೇಕು. ಅನುಮತಿ ಕೊಡಬೇಕಾದದ್ದೂ ಉತ್ತರ ಕೊಡದ ಅದೇ ಕಚೇರಿ.

ಅಷ್ಟರಲ್ಲಿ ಚುನಾವಣೆ ಬಂತು. ನಮ್ಮ ಶಾಲೆ ಎಂದಿನಂತೆ ಮತಗಟ್ಟೆಯಾಯಿತು. ಮತದಾನದ ಹಿಂದಿನ ದಿನ ಒಂದು ಟೆಂಪೊ ಬಂದು ನಿಂತು, ಅದರಿಂದ ಅಗಲವಾದ, ಗಟ್ಟಿಮುಟ್ಟಾದ ಮರದ ರ‍್ಯಾಂಪ್ ಇಳಿಯಿತು. ಎರಡೂ ಕಡೆ ಹಿಡಿಕೆ, ಮೇಲೆ ಹಸಿರು ಮ್ಯಾಟು. ಒಂದು ವರ್ಷದಿಂದ ನಾನು ಬೇಡುತ್ತಿದ್ದದ್ದು ಹತ್ತು ನಿಮಿಷದಲ್ಲಿ ಮೆಟ್ಟಿಲಿನ ಮೇಲೆ ಕೂತುಬಿಟ್ಟಿತು. ಮೇಷ್ಟ್ರು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಮೂರನೇ ಸಲ ಹತ್ತುವಾಗ ಹಾಡು ಗುನುಗುತ್ತಿದ್ದರು.

ಆಗಲೇ ಚುನಾವಣೆಯ ಅಧಿಕಾರಿಯೊಬ್ಬರು ಒಂದು ನಮೂನೆ ಹಿಡಿದು ಬಂದರು, ಒಂದು ಪ್ರತಿ ತಮಗೆ, ಇನ್ನೊಂದು ನಮ್ಮ ಇಲಾಖೆಯ ಕಚೇರಿಗೆ. ಕುಡಿಯುವ ನೀರು ಇದೆಯೇ, ದೀಪ ಇದೆಯೇ, ಶೌಚಾಲಯ ಇದೆಯೇ, ರ‍್ಯಾಂಪ್ ಇದೆಯೇ. ಎದುರಿಗೇ ಇತ್ತಲ್ಲ, ಟಿಕ್ ಹಾಕಿದೆ. ಸಹಿ ಮಾಡಿ ಶಾಲೆಯ ಮೊಹರನ್ನೂ ಒತ್ತಿದೆ. ನಿಜ ಹೇಳಬೇಕೆಂದರೆ, ಸ್ವಲ್ಪ ಜಂಬದಿಂದಲೇ ಒತ್ತಿದೆ.

ಮತದಾನ ಮುಗಿಯಿತು. ಮತಯಂತ್ರಗಳು ಪೊಲೀಸರ ಕಾವಲಿನಲ್ಲಿ ಮೆರವಣಿಗೆ ಹೊರಟವು. ಮಾರನೇ ದಿನ ಬೆಳಿಗ್ಗೆ ಅದೇ ಟೆಂಪೊ ಬಂದು ರ‍್ಯಾಂಪನ್ನು ಎತ್ತಿಕೊಂಡಿತು. ನಾನು ಅಡ್ಡ ನಿಂತೆ. ಅದು ಶಾಮಿಯಾನ ಅಂಗಡಿಯ ಬಾಡಿಗೆ ಸಾಮಾನು, ಮಧ್ಯಾಹ್ನ ಬನಶಂಕರಿಯ ಛತ್ರವೊಂದರಲ್ಲಿ ವಧೂವರರ ವೇದಿಕೆಗೆ ಬೇಕು ಎಂದು ಡ್ರೈವರ್ ಬಹಳ ಮರ್ಯಾದೆಯಿಂದಲೇ ವಿವರಿಸಿದ. ಮೇಷ್ಟ್ರು ಒಂದೊಂದೇ ಮೆಟ್ಟಿಲು ಹತ್ತಿ ತರಗತಿಗೆ ಹೋದರು. ಅವತ್ತು ಎರಡು ಮೆಟ್ಟಿಲಿಗೊಮ್ಮೆ ನಿಲ್ಲಬೇಕಾಯಿತು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ವಿಜ್ಞಾನದ ಟೀಚರ್ ತಮ್ಮ ಮೊಬೈಲಿನಲ್ಲಿ ಸಂಸತ್ತಿನ ಕಲಾಪ ಹಾಕಿದರು. ಹೊಸ ಮತಯಂತ್ರಗಳಿಗೆ ಇಷ್ಟೊಂದು ಕೋಟಿ ಯಾಕೆ ಎಂದು ವಿರೋಧ ಪಕ್ಷದ ಸದಸ್ಯೆಯೊಬ್ಬರು ಎದ್ದು ನಿಂತು ಕೇಳುತ್ತಿದ್ದರು. ಯಾವ ರಾಜ್ಯದವರೋ, ಹೆಸರೂ ನೆನಪಿಲ್ಲ. ಯಂತ್ರವನ್ನು ಇಡುವುದು ಶಾಲೆಗಳಲ್ಲಿ, ಆ ಶಾಲೆಗಳಿಗೆ ಸರಿಯಾದ ಬಾಗಿಲಿಲ್ಲ, ಬಚ್ಚಲಿಲ್ಲ, ಅಂಗವಿಕಲರು ಹತ್ತಿ ಬರಲು ದಾರಿಯಿಲ್ಲ, ಮೊದಲು ಅದಕ್ಕೆ ಕೊಡಿ ಎಂದರು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಪಾಪ ತನ್ನ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದನ್ನು ನಮ್ಮ ಪರವಾಗಿ ದಿಲ್ಲಿಯಲ್ಲಿ ಒಬ್ಬರಾದರೂ ಹೇಳಿದರಲ್ಲ ಎಂದು ಹೊಟ್ಟೆ ತಣ್ಣಗಾಯಿತು.

ಮಂತ್ರಿಗಳು ಉತ್ತರಕ್ಕೆ ಎದ್ದರು. ಪ್ರಜಾಪ್ರಭುತ್ವಕ್ಕೆ ಬೆಲೆ ಕಟ್ಟಬಾರದು ಎಂದರು. ಇನ್ನು ಶಾಲೆಗಳ ಮಾತು, ದೇಶದ ಎಲ್ಲ ಮತಗಟ್ಟೆಗಳಲ್ಲೂ ನೀರು, ದೀಪ, ಶೌಚಾಲಯ, ರ‍್ಯಾಂಪ್ ಇವೆ, ಆಯಾ ಶಾಲೆಯ ಮುಖ್ಯಸ್ಥರೇ ಸಹಿ ಹಾಕಿ ದೃಢೀಕರಿಸಿದ್ದಾರೆ, ಮಾನ್ಯ ಸದಸ್ಯರು ಬೇಕಾದರೆ ದಾಖಲೆ ನೋಡಬಹುದು ಎಂದರು. ಆಡಳಿತ ಪಕ್ಷದವರು ಮೇಜು ಕುಟ್ಟಿದರು. ಆ ಹೆಂಗಸು ಇನ್ನೇನೋ ಹೇಳಲು ಹೋಗಿ, ಗದ್ದಲದಲ್ಲಿ ಕೇಳಿಸದೆ, ಕೂತುಬಿಟ್ಟರು.

ಸುಳ್ಳು, ಶುದ್ಧ ಸುಳ್ಳು ಎಂದು ನಾನು ಮೊಬೈಲಿಗೇ ಬೈದೆ. ಇಂಥ ಹಸಿ ಸುಳ್ಳು ಬರೆದುಕೊಟ್ಟವರು ಯಾರು ಎಂದು ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಕೂಗಾಡಿದೆ. ಮೇಷ್ಟ್ರು ಮಾತ್ರ ತಲೆ ತಗ್ಗಿಸಿ ಮಜ್ಜಿಗೆ ಅನ್ನ ಕಲಸುತ್ತಾ ಕೂತಿದ್ದರು.

ಆ ಸಿಟ್ಟಿನಲ್ಲೇ ಮಾರನೇ ದಿನ ಕಚೇರಿಗೆ ಹೋದೆ. ಗುಮಾಸ್ತರು ನಮ್ಮ ಶಾಲೆಯ ಫೈಲು ತೆಗೆದು ಹಾಳೆ ತಿರುವಿದರು.

"ಮೇಡಂ, ನಿಮ್ ಸ್ಕೂಲಲ್ಲಿ ರ‍್ಯಾಂಪ್ ಇದೆಯಲ್ಲ? ಇರೋದಕ್ಕೇ ಇನ್ನೊಂದು ಹೆಂಗ್ ಕೊಡೋದು?"

ಫೈಲು ನನ್ನ ಕಡೆ ತಿರುಗಿಸಿದರು. ಹಸಿರು ಇಂಕಿನ ಟಿಕ್, ಕೆಳಗೆ ನನ್ನ ದುಂಡನೆಯ ಸಹಿ, ಜಂಬದಿಂದ ಒತ್ತಿದ ಮೊಹರು. ಅದು ಬಾಡಿಗೆ ರ‍್ಯಾಂಪು ಎಂದು ವಿವರಿಸಿದೆ. ಬಾಡಿಗೆಯೋ ಸ್ವಂತದ್ದೋ ಎಂಬ ಕಲಂ ನಮೂನೆಯಲ್ಲಿಲ್ಲ ಎಂದರು. ಇಲ್ಲ ಎಂದು ಈಗ ಬರೆದುಕೊಡುತ್ತೇನೆ ಎಂದೆ.

"ಈಗ ಇಲ್ಲ ಅಂದ್ರೆ ಅವತ್ತು ಸುಳ್ಳು ಸರ್ಟಿಫಿಕೇಟ್ ಕೊಟ್ಟಂಗಾಯ್ತು. ರಿಟೈರ್ಮೆಂಟ್ ಯಾವಾಗ ಮೇಡಂ?"

ಹದಿನಾಲ್ಕು ತಿಂಗಳು ಎಂದೆ. ಸುಮ್ಮನಿದ್ದುಬಿಡಿ ಎಂದರು. ಕೇಡಿಗೆ ಹೇಳಿದ ಮಾತಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಆಟೊದಲ್ಲಿ ಬರುವಾಗ ನನಗೆ ಅತ್ತ ನಗುವೂ ಇಲ್ಲ, ಇತ್ತ ಅಳುವೂ ಇಲ್ಲ. ಮಂತ್ರಿಗಳು ಓದಿದ್ದು ನನ್ನಂಥವರ ಸಹಿಯನ್ನೇ. ಅಷ್ಟು ದೂರದಲ್ಲಿ ನನಗಾಗಿ ಜಗಳಕ್ಕೆ ನಿಂತ ಹೆಂಗಸನ್ನು ಕೂರಿಸಿದವರಲ್ಲಿ ನಾನೂ ಒಬ್ಬಳು. ಮಾಡಿದ್ದುಣ್ಣೋ ಮಹರಾಯ ಎನ್ನೋಣವೆಂದರೆ, ಮಾಡಿದವಳು ನಾನು, ಉಣ್ಣುತ್ತಿರುವವರು ಮೇಷ್ಟ್ರು. ಆದರೂ ಮೂರು ದಿನ ಬಾಯಿ ಬಿಡಲಿಲ್ಲ. ಪಿಂಚಣಿ ಕಣ್ಣ ಮುಂದೆ ಬರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾಲ್ಕನೇ ದಿನ ಮೇಷ್ಟ್ರು ವರ್ಗಾವಣೆಯ ಅರ್ಜಿ ತಂದು ಮೇಜಿನ ಮೇಲಿಟ್ಟರು. ಕಾರಣ ಎಂಬ ಕಡೆ 'ಸ್ವಂತ ಕಾರಣ' ಎಂದು ಬರೆದಿತ್ತು. ಮೆಟ್ಟಿಲಿನ ವಿಷಯ ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

"ಬರೆದ್ರೆ ನಿಮ್ಮನ್ನ ಕೇಳ್ತಾರೆ ಮೇಡಂ. ಅವತ್ತು ಆ ಟಿಕ್ ಹಾಕಿದಾಗ ನಾನು ಅಲ್ಲೇ ರ‍್ಯಾಂಪ್ ಮೇಲೆ ನಿಂತಿದ್ನಲ್ಲ."

ಸ್ಟಾಫ್ ರೂಮಿನಲ್ಲಿ ನಾನು ಕೂಗಾಡಿದ ದಿನವೂ ಅವರಿಗೆ ಗೊತ್ತಿತ್ತು. ನನ್ನ ಮುಖ ನೋಡಬಾರದೆಂದೇ ಅವರು ಮಜ್ಜಿಗೆ ಅನ್ನ ಕಲಸುತ್ತಿದ್ದದ್ದು.

ಅರ್ಜಿಯ ಕೊನೆಯಲ್ಲಿ ಮುಖ್ಯ ಶಿಕ್ಷಕರ ಅಭಿಪ್ರಾಯಕ್ಕೆ ಎರಡು ಗೆರೆ ಜಾಗವಿತ್ತು. ಶಾಲೆಯಲ್ಲಿ ರ‍್ಯಾಂಪ್ ಇಲ್ಲ, ಇದೆ ಎಂದು ನಾನು ದೃಢೀಕರಿಸಿದ್ದು ಒಂದು ದಿನದ ಬಾಡಿಗೆ ರ‍್ಯಾಂಪನ್ನು, ಈ ಶಿಕ್ಷಕರು ಹೋಗುತ್ತಿರುವುದು ಆ ಕಾರಣಕ್ಕೆ ಎಂದು ಬರೆದು ಸಹಿ ಮಾಡಿದೆ. ಮೇಷ್ಟ್ರು ಬೇಡ ಎಂದು ಅರ್ಜಿ ವಾಪಸು ಕೇಳಿದರು. ಕೊಡದೆ ಕಚೇರಿಗೆ ಕಳಿಸಿದೆ.

ರ‍್ಯಾಂಪ್ ಕೇಳಿ ಬರೆದ ಕಾಗದಗಳಿಗೆ ಒಂದು ಸಾಲಿನ ಉತ್ತರ ಕೊಡದ ಕಚೇರಿಯಿಂದ ನನಗೆ ಕಾರಣ ಕೇಳುವ ನೋಟಿಸು ನಾಲ್ಕೇ ದಿನದಲ್ಲಿ ಬಂತು. ಕಚೇರಿಯ ಜವಾನ ತನ್ನ ಮನೆಯಿಂದ ನೇರವಾಗಿ, ಬೆಳಿಗ್ಗೆ ಬೇಗನೇ ತಂದಿದ್ದ. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಇರುತ್ತಿದ್ದವರು ಮೇಷ್ಟ್ರೊಬ್ಬರೇ, ಗೇಟಿನ ಹತ್ತಿರ ಅವರ ಕೈಗೇ ಕೊಟ್ಟು ಹೋದ. ಅದನ್ನು ಜೇಬಿನಲ್ಲಿಟ್ಟುಕೊಂಡು, ಐದು ಮೆಟ್ಟಿಲು ಹತ್ತಿ, ನನ್ನ ಕೋಣೆಯ ಬಾಗಿಲಲ್ಲಿ ಅವರು ನಾನು ಬರುವವರೆಗೆ ಕಾದು ನಿಂತಿದ್ದರು.