ಅರಕಲಗೂಡಿನಲ್ಲಿ ನನಗೊಂದು ಮನೆ

ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವರೆಕಾಳು ಹಿತುಕುತ್ತ ಕೂತಿದ್ದಾಗ ಆದಾಯ ತೆರಿಗೆಯವರಿಂದ ಫೋನಿಗೆ ಮೆಸೇಜು ಬಂತು. ನಿಮಗೆ ಬಂದ ಬಾಡಿಗೆಯನ್ನು ನೀವು ತೋರಿಸಿಲ್ಲ, ಪೋರ್ಟಲ್ ನೋಡಿ ಉತ್ತರ ಕೊಡಿ ಎಂದು. ಮೋಸಗಾರರದ್ದೇ ಇರಬೇಕೆಂದು ಅಳಿಸಿಬಿಟ್ಟೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನನ್ನ ಹೆಸರಿನಲ್ಲಿರುವುದು ಒಂದು ಗ್ಯಾಸ್ ಕನೆಕ್ಷನ್, ಒಂದು ಉಳಿತಾಯ ಖಾತೆ. ನನಗೆಲ್ಲಿಯ ಬಾಡಿಗೆ? ಮೂರು ದಿನ ಬಿಟ್ಟು ಅದೇ ಮೆಸೇಜು ಮತ್ತೆ ಬಂತು.

ಕಾಫಿ ಕುಡಿಯುತ್ತಿದ್ದ ಯಜಮಾನರಿಗೆ ತೋರಿಸಿದೆ.

"ಕಂಪ್ಯೂಟರ್ ತಾನೆ, ಏನೋ ತಪ್ಪಾಗಿರ್ತದೆ ಬಿಡು," ಎಂದರು.

ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಹೆಚ್ಚಾದರೆ ಬುಟ್ಟಿಯವಳ ಹತ್ತಿರ ಹತ್ತು ನಿಮಿಷ ವಾದ ಮಾಡುವವರು, ಯಾವ ಮನೆ, ಎಷ್ಟು ಬಾಡಿಗೆ ಎಂದು ಒಂದು ಮಾತೂ ಕೇಳಲಿಲ್ಲ. ಲೋಟದ ತಳದಲ್ಲಿ ಇನ್ನೂ ಕಾಫಿ ಇತ್ತು, ಹಾಗೇ ಬಿಟ್ಟು ಎದ್ದರು. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು.

ಮಾರನೆಯ ದಿನ ತರಕಾರಿಗೆಂದು ಹೇಳಿ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ರಿಟರ್ನ್ ತುಂಬಿಕೊಡುವವರ ಆಫೀಸಿಗೆ ಹೋದೆ. ನನ್ನ ಫೋನಿಗೆ ಬಂದ ಓಟಿಪಿ ಹಾಕಿ, ಪರದೆಯನ್ನು ನೋಡಿ ಅವರು ನಕ್ಕರು.

"ಅಮ್ಮಾ, ಅರಕಲಗೂಡಲ್ಲಿ ನಿಮ್ದೊಂದು ಮನೆ ಐತಲ್ಲ!"

"ಇಲ್ವಲ್ಲ."

"ಐತೆ ಕಣಮ್ಮ. ಓದ ವರ್ಷ ಪೂರ್ತಿ ಬಾಡ್ಗೆ ಕಟ್ಟವ್ರೆ ಯಾರೋ. ಯಜಮಾನ್ರು ಏಳ್ಲಿಲ್ವಾ?"

ಒಂದು ಕ್ಷಣ ನನ್ನ ತಲೆಗೆ ಬಂದದ್ದನ್ನು ಬರೆಯಲು ನಾಚಿಕೆ. ನನ್ನ ಹೆಸರಿನ ಮನೆಯಲ್ಲಿ ಇವರು ಅರಕಲಗೂಡಿನಲ್ಲಿ ಯಾರನ್ನು ಇಟ್ಟಿದ್ದಾರೆ? ಆ ಮನೆಗೆ ಮನಸ್ಸಿನಲ್ಲೇ ನಾನು ಹಸಿರು ಪರದೆ ಕಟ್ಟಿ, ಬಾಗಿಲಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿಯನ್ನೂ ಬಿಟ್ಟಾಗಿತ್ತು. ಅಷ್ಟರಲ್ಲಿ ಅವರು ಇನ್ನೊಂದು ಸಾಲು ತೋರಿಸಿದರು. ಈ ವಿವರ ಕೊಟ್ಟದ್ದು ಅಲ್ಲಿಯ ಒಂದು ಹೈಸ್ಕೂಲು. ಆ ಸ್ಕೂಲಿನಲ್ಲಿ ಪಾಠ ಮಾಡುವ ಒಬ್ಬರೇ ನನಗೆ ಗೊತ್ತು, ನನ್ನ ನಾದಿನಿ. ಅವಳಿರುವುದು ಗಂಡ ಕಟ್ಟಿಸಿದ ಸ್ವಂತ ಮನೆಯಲ್ಲಿ.

ಸಂಬಳದವರು ಬಾಡಿಗೆ ಮನೆಯಲ್ಲಿದ್ದರೆ ತೆರಿಗೆಯಲ್ಲಿ ರಿಯಾಯಿತಿ ಉಂಟಂತೆ. ವರ್ಷದ ಬಾಡಿಗೆ ಲಕ್ಷ ದಾಟಿದರೆ ಮನೆಯ ಮಾಲೀಕರ ಪಾನ್ ನಂಬರ್ ಕೊಡಬೇಕು. ನಾದಿನಿಯ ಮಗಳ ಮದುವೆಗೆ ಹಾಸನದಲ್ಲಿ ಚಿನ್ನ ಕೊಂಡಾಗ ಮನೆಯ ಹೆಂಗಸರೆಲ್ಲರ ಹೆಸರಿಗೂ ಬಿಲ್ ಹಂಚಿ ಬರೆಸಿದ್ದರು. ಅಂಗಡಿಗೆಂದು ಕೊಟ್ಟ ನನ್ನ ಪಾನ್ ಕಾರ್ಡಿನ ಜೆರಾಕ್ಸು ಆಗಲೇ ಅವಳ ಕೈಸೇರಿದ್ದು. ನನ್ನ ಮನೆಯಲ್ಲಿ ಬಾಡಿಗೆಗಿದ್ದೇನೆಂದು ಸ್ಕೂಲಿಗೆ ಬರೆದುಕೊಟ್ಟಿದ್ದಾಳೆ.

"ಔದು ಅಂದ್ರೆ ನೀವು ಇಲ್ಲದ ಮನೆಗೆ ಒಡತಿ ಆಯ್ತೀರಿ, ನಾಳೆ ಕಂದಾಯದ ರಸೀತಿ ಕೇಳ್ತಾರೆ," ಎಂದರು ಅವರು. "ಇಲ್ಲ ಅಂದ್ರೆ ಬಾಡ್ಗೆ ಕಟ್ಟಿದೀನಿ ಅಂದೋರ ಕುತ್ಗೆಗೆ ಬತ್ತದೆ. ಕೆಲ್ಸಕ್ಕೇ ಬಂದ್ರೂ ಬಂತು. ಯೋಚ್ನೆ ಮಾಡಿ ಏಳಿ."

ಶನಿವಾರ ಮಧ್ಯಾಹ್ನ ಅರಕಲಗೂಡಿನ ಬಸ್ಸು ಹತ್ತಿದೆ. ನಾದಿನಿ ಬಾಗಿಲು ತೆಗೆದವಳೇ ನನ್ನ ಹಿಂದೆ ಅವಳ ಅಣ್ಣ ಇದ್ದಾರೇನೋ ಎಂದು ನೋಡಿದಳು. ವಿಷಯ ಹೇಳಿದರೆ ಜೋರಾಗಿ ನಕ್ಕಳು.

"ಅಯ್ಯೋ ಅತ್ತಿಗೆ, ಇದಕ್ಕೆ ಬಸ್ ಅತ್ಕೊಂಡ್ ಬಂದ್ರಾ? ನಮ್ ಸ್ಟಾಫ್ ರೂಮಲ್ಲಿ ಎಲ್ರೂ ಮಾಡೋದೇ. ಇಂದಿ ಮೇಡಂ ಸತ್ತೋಗಿರೋ ಅತ್ತೆಗೆ ಬಾಡ್ಗೆ ಕಟ್ತಾವ್ರೆ. ನೀವು ಬದುಕಿದೀರಲ್ಲ!"

"ಬದುಕಿರೋದಕ್ಕೇ ಕಣಮ್ಮ ನನ್ನ ಕೇಳ್ತಿರೋದು."

ಅವಳ ನಗು ನಿಂತಿತು. ಸ್ಕೂಲಿಗೆ ಕೊಟ್ಟ ಬಾಡಿಗೆ ರಸೀತಿ ತೋರಿಸು ಎಂದ ಮೇಲೆ ಬೀರುವಿನಿಂದ ಅವುಗಳ ಜೆರಾಕ್ಸ್ ತೆಗೆದಳು. ಹನ್ನೆರಡು ತಿಂಗಳಿಗೆ ಹನ್ನೆರಡು. ಆದರೆ ಒಂದರ ರೆವಿನ್ಯೂ ಸ್ಟಾಂಪಿನ ಹರಿದ ಅಂಚು ಮುಂದಿನದರ ಅಂಚಿಗೆ ಸರಿಯಾಗಿ ಕೂಡುತ್ತಿತ್ತು. ಒಂದೇ ಹಾಳೆಯಿಂದ ಹರಿದು ಅಂಟಿಸಿದ್ದು; ವರ್ಷದ ಬಾಡಿಗೆಯನ್ನೆಲ್ಲ ಒಂದೇ ಸಲ ಕೂತು ಕಟ್ಟಿದ್ದಾರೆ ಎಂದುಕೊಂಡೆ. ಸಹಿ ಮಾತ್ರ ನನ್ನನ್ನು ಹೆದರಿಸಿತು. ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ನನ್ನ ಓರೆ ಬರವಣಿಗೆ, ಕೊನೆಯಲ್ಲಿ ನಾನು ಎಳೆಯುವ ಸಣ್ಣ ಗೆರೆಯೂ ಇತ್ತು. ನಾದಿನಿ ನನ್ನ ಸಹಿಯನ್ನು ಒಮ್ಮೆಯೂ ಗಮನಿಸಿದವಳಲ್ಲ.

"ಇದು ಯಾರು ಹಾಕಿದ್ದು?"

ಅವಳು ಸೆರಗಿನ ತುದಿ ಸುತ್ತುತ್ತ ಕೂತಳು. "ಅಣ್ಣನ್ನೇ ಕೇಳಿ ಅತ್ತಿಗೆ. ಬ್ಯಾಡ ಅಂತ ನಾನು ಏಳಿದ್ದೆ... ಅಲ್ಲ, ನಾನೇ ಕೇಳಿದ್ದು. ಅವ್ನು ಪಾಪ ಇಲ್ಲ ಅನ್ಲಿಲ್ಲ."

ಹೊರಡುವಾಗ ಕೈ ಹಿಡಿದುಕೊಂಡಳು. "ಎಡ್‌ಮಾಸ್ಟ್ರಿಗೆ ಗೊತ್ತಾದ್ರೆ ನನ್ನ ಗತಿಯೇನು? ಔದು ಅಂತ ಒಂದ್ ಬಟನ್ ಒತ್ಬುಡಿ, ನಿಮಗೆ ಟ್ಯಾಕ್ಸೂ ಬರಲ್ಲ."

"ತಿಂಗಳ ಕೊನೆವರೆಗೂ ರಿಟರ್ನ್ ತಿದ್ದಬಹುದಂತೆ," ಎಂದೆ. "ಬಾಡಿಗೆ ತೆಗೆದುಹಾಕಿ, ತೆರಿಗೆ, ಬಡ್ಡಿ ಏನು ಬರ್ತದೋ ಕಟ್ಟಿಬಿಡು. ನೀನು ಕಟ್ಟಿದ ಮೇಲೆ ನಾನು ಉತ್ತರ ಕೊಡ್ತೀನಿ. ಆದರೆ ಹೌದು ಅಂತ ಮಾತ್ರ ಒತ್ತಲ್ಲ."

ಮನೆಗೆ ಬಂದು, ಅಲ್ಲಿಂದ ತಂದಿದ್ದ ಒಂದು ರಸೀತಿಯನ್ನು ಯಜಮಾನರ ಮುಂದೆ ಇಟ್ಟೆ. ಕನ್ನಡಕ ಹುಡುಕುವ ನೆಪದಲ್ಲಿ ತುಸು ಹೊತ್ತು ಕಳೆದರು.

"ತಂಗಿ ಕೇಳಿದ್ಲು ಕಣೇ. ನಿನಗೇನು ನಷ್ಟ ಇದ್ರಲ್ಲಿ?"

"ನನ್ನ ಸಹಿ ಯಾವಾಗ ಕಲಿತ್ರಿ?"

"ಬ್ಯಾಂಕಿಗೆ, ಗ್ಯಾಸಿಗೆ... ನೀನು ಅಡುಗೆ ಮನೇಲಿರ್ತಿದ್ದೆ, ಕರೆಯೋದ್ಯಾಕೆ ಅಂತ."

"ಇನ್ನೆಲ್ಲೆಲ್ಲಿ ಹಾಕಿದ್ದೀರಿ?"

"ಇಷ್ಟೇ."

ನೆನಪು ಮಾಡಿಕೊಳ್ಳುವುದಕ್ಕೂ ಹೊತ್ತು ಬೇಕಲ್ಲ, ಅಷ್ಟು ಬೇಗ ಹೇಳಿದರು.

ನಾದಿನಿ ತಿಂಗಳು ಮುಗಿಯಲು ಎರಡು ದಿನವಿರುವಾಗ ರಿಟರ್ನ್ ತಿದ್ದಿಸಿದಳು. ದುಡ್ಡು ಕಟ್ಟಿದ ಚಲನ್ನಿನ ಫೋಟೋ ಬಂತು, ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲೂ ಬರಲಿಲ್ಲ. ರಿಟರ್ನ್ ತುಂಬಿಕೊಡುವವರ ಆಫೀಸಿನ ಕುರ್ಚಿಯಲ್ಲಿ ಕೂತು, ಈ ಮಾಹಿತಿ ನನ್ನದಲ್ಲ ಎಂಬಲ್ಲಿ ನಾನೇ ಒತ್ತಿದೆ, ಪೋರ್ಟಲ್ಲಿನ ಪಾಸ್‌ವರ್ಡನ್ನೂ ಬದಲಾಯಿಸಿದೆ. ಯಜಮಾನರು ಹೊರಗೆ ಸ್ಕೂಟರಿನ ಮೇಲೆ ಕಾಯುತ್ತಿದ್ದರು.

"ಪಾಸ್‌ವರ್ಡ್ ಬದಲಾಯಿಸಿದ್ಯಾ, ಏನಿಟ್ಟೆ?" ಎಂದು ದಾರಿಯಲ್ಲಿ ಕೇಳಿದರು. ಗಾಳಿಗೆ ಕೇಳಿಸಲಿಲ್ಲವೆಂಬಂತೆ ಸೆರಗು ಎಳೆದು ಹೊದ್ದುಕೊಂಡೆ. ಈಗ ತಿಂಗಳಿಗೊಮ್ಮೆ, ಅವರು ಸ್ನಾನಕ್ಕೆ ಹೋದಾಗ, ಪೋರ್ಟಲ್ ತೆರೆದು ನನ್ನ ಹೆಸರಿಗೆ ಹೊಸದಾಗಿ ಏನಾದರೂ ಬಂದಿದೆಯೇ ಎಂದು ನೋಡುತ್ತೇನೆ. ಇನ್ನೂ ಏನೂ ಬಂದಿಲ್ಲ.