ಗೆರೆಯ ಬಲಗಡೆಯ ಕಪ್ಪೆ

ಮತ್ತೋಡಿನ ಶಾಲೆಯ ವಿಜ್ಞಾನದ ಮೇಷ್ಟ್ರು ಶಾಕಿರ್ ಸಾಹೇಬರು ಬೋರ್ಡಿನ ನಡುವೆ ಗೆರೆ ಎಳೆಯದೆ ಬಾಯಿ ತೆರೆದವರಲ್ಲ. ಪರೀಕ್ಷೆಯ ‘ವ್ಯತ್ಯಾಸ ಬರೆಯಿರಿ’ ಪ್ರಶ್ನೆ ಅವರ ರಕ್ತಕ್ಕೇ ಇಳಿದಿದೆ; ಹೋಟೆಲಿನಲ್ಲಿ ಇಡ್ಲಿಗೂ ವಡೆಗೂ ನಡುವೆ ಮೇಜಿನ ಮೇಲೆ ನೀರಿನಲ್ಲೇ ಗೆರೆ ಎಳೆಯುತ್ತಾರೆ. ಅವರ ಅಚ್ಚುಮೆಚ್ಚಿನ ಜೋಡಿಯೆಂದರೆ ಎಡಗಡೆ ಕೆಂದಳಿಲು, ಬಲಗಡೆ ಅಳಿವಿನಂಚಿನ ಪುಟ್ಟ ಕಪ್ಪೆ. ಅಳಿಲಿಗೆ ಮೊಳದುದ್ದ ಬಾಲ, ಮರದ ತುದಿಯಲ್ಲಿ ಮನೆ, ಕ್ಯಾಲೆಂಡರಿನಲ್ಲಿ ಫೋಟೊ. ಕಪ್ಪೆಗೆ ಬಾಲವಿಲ್ಲ, ಮನೆ ಕೆಸರು, ಫೋಟೊ ತೆಗೆಯುವವರೇ ಇಲ್ಲ. “ಬರ್ಕಳ್ರೋ, ಬರ್ಕಳ್ರೋ” ಎಂದು ಕುಣಿದಾಡುವ ಮೇಷ್ಟ್ರು ಕೊನೆಯ ಸಾಲಿಗೆ ಬಂದಾಗ ಮಾತ್ರ ಮೆತ್ತಗಾಗುತ್ತಾರೆ: ‘ಅಳಿದುಹೋದರೆ ಯಾರಿಗೆ ಗೊತ್ತಾಗುತ್ತದೆ?’ ಅಳಿಲಿನ ಕಡೆ ‘ಎಲ್ಲರಿಗೂ’ ಎಂದು ಬರೆದು, ಕಪ್ಪೆಯ ಕಡೆ ಹನ್ನೊಂದು ವರ್ಷದಿಂದ ಖಾಲಿ ಬಿಡುತ್ತಿದ್ದರು. ಈ ಸಲ ಬಿಸಿಯೂಟದ ದ್ಯಾಮಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ಗದರಿದರು: “ಯಾಕ್ರಿ ಸಾ, ನಂಗ್ ಗೊತ್ತಾಗಲ್ವಾ? ಮೊದ್ಲ ಮಳೇಲಿ ನಮ್ಮ ಗೋಕಟ್ಟೇಲಿ ಅದು ಕೂಗ್ದೆ ನಾನು ಯಾವತ್ತಾದ್ರೂ ರಾಗಿ ಬಿತ್ತಿದೀನಾ?” ಮೇಷ್ಟ್ರು ಆ ಖಾಲಿ ಜಾಗದಲ್ಲಿ ದಪ್ಪಕ್ಷರದಲ್ಲಿ ‘ದ್ಯಾಮಮ್ಮನಿಗೆ’ ಎಂದು ಬರೆದರು. ಪರೀಕ್ಷೆಯಲ್ಲಿ ಇಡೀ ತರಗತಿ ಅದನ್ನೇ ಬರೆಯಿತು. ಇಡೀ ತರಗತಿಗೂ ಪೂರ್ತಿ ಅಂಕ.